ಮಾವನ ರಸ್ತೆಯಲ್ಲಿ ಅತ್ತೆಯ ಸೈಕಲ್ಲು

ನಮ್ಮ ಮಾವನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವರು ಯಾರನ್ನೂ ನೋಡಿ ಕರುಬಿದವರಲ್ಲ. ಕರುಬುವ ಅಗತ್ಯವೂ ಬಿದ್ದಿರಲಿಲ್ಲ. ಅವರ ಹತ್ತಿರ ಒಂದು ರಸ್ತೆ ಇತ್ತು.

ರಸ್ತೆಯೇನೋ ಸರ್ಕಾರದ್ದು. ನಮ್ಮೂರ ಬಸ್ ಡಿಪೋದ ಹಿಂದಿನಿಂದ ಹೊರಟು, ಕಾಡಿನೊಳಗೆ ನುಗ್ಗಿ, ಗುಡ್ಡದ ಸೊಂಟ ಬಳಸಿಕೊಂಡು ಆಚೆ ಕಣಿವೆಯ ಪೇಟೆಗೆ ಇಳಿಯುತ್ತಿತ್ತು. ಬೇರುಗಳು ಎದ್ದು ಡಾಂಬರು ಉಬ್ಬಿದ್ದ ದಾರಿ. ಎದುರಿಗೆ ದಿಮ್ಮಿ ಹೇರಿದ ಲಾರಿ ಬಂತೆಂದರೆ ಹಿಂದಕ್ಕೆ ಸರಿಯುವುದಕ್ಕೂ ಜಾಗವಿಲ್ಲ. ಆ ರೂಟು ಕೊಟ್ಟರೆ ಬೇರೆ ಡ್ರೈವರುಗಳು ಹೊಟ್ಟೆನೋವೆಂದು ರಜೆ ಹಾಕುತ್ತಿದ್ದರು. ಮಾವ ಮಾತ್ರ ಅದನ್ನು ತಾವಾಗಿ ಕೇಳಿ ಪಡೆದರು, ಪಡೆದ ಮೇಲೆ ಬಿಟ್ಟುಕೊಡಲಿಲ್ಲ. ಮೂವತ್ತು ವರ್ಷದ ಹತ್ತಿರ ಹತ್ತಿರ, ಬೆಳಿಗ್ಗೆ ಹೋಗುವ ಬಸ್ಸೂ ಮಾವನದೇ, ಸಂಜೆ ಬರುವ ಬಸ್ಸೂ ಮಾವನದೇ.

ತಿರುವುಗಳಿಗೆಲ್ಲ ಅವರೇ ಹೆಸರಿಟ್ಟಿದ್ದರು. ಗುಡ್ಡ ಏರುವ ಹತ್ತುದಾರಿ ಮುಗಿಯುವಲ್ಲಿ ವಾಂತಿ ತಿರುವು. ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ, ಹಾರ್ನ್ ಹೊಡೆದರೆ ಮರುದನಿ ಕೊಡುವ ಹಾರ್ನ್ ಬಂಡೆ. ಅದರಾಚೆ ಸೀಟಿ ಬಿದ್ದ ಜಾಗ. ಸೀಟಿ ಎಂದರೆ ಅವರ ಕಂಡಕ್ಟರು. ಒಂದು ಮಳೆಗಾಲದಲ್ಲಿ ಬಾಗಿಲಿಗೆ ನೇತುಬಿದ್ದುಕೊಂಡು ಸೀಟಿ ಊದುತ್ತಲೇ ಹೊರಗೆ ಬಿದ್ದು, ಬಿದ್ದ ಮೇಲೂ ಊದುತ್ತಿದ್ದನಂತೆ. ಡಿಪೋದಲ್ಲಿ ಅವನ ನಿಜವಾದ ಹೆಸರು ಆವತ್ತಿಗೇ ಮರೆತುಹೋಯಿತು.

ಮನೆಗೆ ಬಂದರೆ ಮಾವನ ಬಾಯಲ್ಲಿ ರಸ್ತೆಯದೇ ಮಾತು. ಡಿಪೋದ ಹಿಂಬದಿಯ ಓಣಿಯಲ್ಲಿ ಅವರದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಅವರು ಲಾರಿಯವನು ಹೇಗೆ ಸೈಡು ಕೊಡಲಿಲ್ಲ, ತಾವು ಹೇಗೆ ಕೊಟ್ಟರು, ಮಂಜಿನಲ್ಲಿ ಹೇಗೆ ಹಾರ್ನ್ ಬಂಡೆಯನ್ನು ಬರೀ ಸದ್ದಿನಿಂದಲೇ ಗುರುತು ಹಿಡಿದರು ಎಂದೆಲ್ಲ ಹೇಳುತ್ತಿದ್ದರು. ಒಳಗಿನ ಕೋಣೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದ ಅಜ್ಜಿಗೆ, ಅಂದರೆ ಮಾವನ ತಾಯಿಗೆ, ಔಷಧಿ ಕುಡಿಸುತ್ತ, ಮಗ್ಗುಲು ಬದಲಿಸುತ್ತ, "ಹೂಂ" ಅನ್ನುತ್ತಿದ್ದರು. ಅಜ್ಜಿ ವರ್ಷಗಟ್ಟಲೆ ಹಾಗೇ ಮಲಗಿದ್ದಳು. ಅತ್ತೆ ಹಗಲು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹೊದಿಕೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಟ್ಟು ಮಡಿಚಿಡುವ ಕೆಲಸ ಮಾಡಿ, ಮಿಕ್ಕ ಹೊತ್ತೆಲ್ಲ ಅಜ್ಜಿಯ ಸೇವೆಗೆ ನಿಲ್ಲುತ್ತಿದ್ದರು. ಗಂಡ ದಿನಕ್ಕೆರಡು ಸಲ ದಾಟುವ ಕಾಡನ್ನು ಅವರು ನೋಡಿದ್ದು ಡಿಪೋದ ಗೋಡೆಯ ಮೇಲಿಂದ, ಒಂದು ಹಸಿರು ಗೆರೆಯಂತೆ ಅಷ್ಟೇ.

ಅಜ್ಜಿ ತೀರಿಕೊಂಡಳು. ಅದಾಗಿ ಸ್ವಲ್ಪ ದಿನಕ್ಕೆ ಗುಡ್ಡದ ಆಚೆ ಹೊಸ ಹೆದ್ದಾರಿ ಬಂತು. ಹಳೆಯ ಕಾಡುರಸ್ತೆಗೆ ಮೋಟಾರು ಗಾಡಿಗಳೇ ಬೇಡವೆಂದು ಸರ್ಕಾರ ತೀರ್ಮಾನ ಮಾಡಿತು. ಮಾವನ ನಿವೃತ್ತಿಯ ವರ್ಷವೂ ಅದೇ. ಕೊನೆಯ ಬಸ್ಸನ್ನು ಅವರೇ ತಂದು ಡಿಪೋದಲ್ಲಿ ನಿಲ್ಲಿಸಿದರು. ಬೆನ್ನ ಹಿಂದೆಯೇ ಕೆಲಸಗಾರರು ರಸ್ತೆಯ ಬಾಯಿಗೆ ಕಬ್ಬಿಣದ ಅಡ್ಡಗಂಬ ನೆಟ್ಟರು. ಮಾವ ಅದನ್ನು ತಮಗೆ ಸಂದ ಗೌರವವೆಂದೇ ತಿಳಿದರು. ನನ್ನ ಕನ್ನಡಕದ ಅಂಗಡಿಯ ಸ್ಟೂಲಿನ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ "ನಾನು ಇಳಿದ ಮೇಲೆ ಆ ರಸ್ತೆಗೂ ರಿಟೈರ್‌ಮೆಂಟ್ ಕೊಟ್ರು" ಎಂದು ಹೇಳುತ್ತಿದ್ದರು.

ಆದರೆ ರಸ್ತೆ ನಿವೃತ್ತಿಯಾಗಲಿಲ್ಲ. ಉಬ್ಬಿದ್ದ ಡಾಂಬರನ್ನು ಕಿತ್ತು ಸಣ್ಣ ಜಲ್ಲಿ ಹರಡಿ ರೋಲರು ಓಡಿಸಿದರು. ದಿಮ್ಮಿ ಲಾರಿಗಳು ಓಡಾಡಿ ಬಿಟ್ಟಿದ್ದ ಅಡ್ಡದಾರಿಗಳಿಗೂ ಜಲ್ಲಿ ಬಿತ್ತು, ಕವಲಿನಲ್ಲಿ ಬಾಣದ ಗುರುತುಗಳು ಬಂದವು. ಆಮೇಲೆ ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ದಪ್ಪ ಟಯರು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ತಲೆಗೆ ಹೆಲ್ಮೆಟ್ಟು. ಕಾರಿಲ್ಲ, ಲಾರಿಯಿಲ್ಲ, ಹಾರ್ನಿಲ್ಲ. ದಿನವಿಡೀ ಕಾಡಿನಲ್ಲಿ ತುಳಿಯುತ್ತಲೇ ಇರಬಹುದು ಎಂದು ಅವರಿಗೆಲ್ಲ ಖುಷಿ.

"ಬಸ್ಸಲ್ಲಿ ಮುಕ್ಕಾಲು ಗಂಟೆ ದಾರಿಗೆ ಇಡೀ ದಿನ ಬೆವರು ಸುರಿಸ್ತಾರೆ. ಬುದ್ಧಿ ಎಲ್ಲಿಟ್ಟಿದಾರೋ," ಎಂದು ಮಾವ ನಗುತ್ತಿದ್ದರು. ಆ ನಗುವಿನಲ್ಲಿ ಆಗ ವಿಷವೇನೂ ಇರಲಿಲ್ಲ.

ವಿಷ ಸೇರಿದ್ದು ಅತ್ತೆ ಸೈಕಲ್ಲು ತಂದ ದಿನ. ಅತ್ತೆಯ ಆಸ್ಪತ್ರೆಯ ನರ್ಸೊಬ್ಬಳು ಹೊಸ ಸೈಕಲ್ಲು ಕೊಂಡು, ಹಳೆಯದನ್ನು ಅತ್ತೆಗೆ ದಾಟಿಸಿದ್ದಳು. ಬೂದು ಬಣ್ಣದ್ದು, ಕೊಂಬಿನ ಹ್ಯಾಂಡಲ್ಲಿನದೇ. ಅತ್ತೆ ಅದನ್ನು ತಳ್ಳಿಕೊಂಡು ಬಂದು ಮುಂದಿನ ಕೋಣೆಯ ಗೋಡೆಗೆ ಒರಗಿಸಿದರು. ಆ ಕೋಣೆಯಲ್ಲಿ ಇನ್ನು ಕುರ್ಚಿ ಎಳೆದುಕೊಳ್ಳುವಷ್ಟು ಜಾಗವೂ ಉಳಿಯಲಿಲ್ಲ.

"ಇದು ಯಾರಿಗೆ?" ಅಂದರು ಮಾವ.

"ನನಗೆ."

"ನಿನಗ್ಯಾಕೆ? ಐವತ್ತೈದಾಯ್ತು. ಬಿದ್ದು ಸೊಂಟ ಮುರ್ಕೊಂಡ್ರೆ ನಾನು ಅಡುಗೆ ಮಾಡ್ಬೇಕಾ?"

"ಚಿಕ್ಕವಳಿದ್ದಾಗ ಅಣ್ಣಂದು ಕದ್ದು ಓಡಿಸ್ತಿದ್ದೆ. ಕೈಕಾಲಿಗೆ ಮರ್ತಿಲ್ಲ. ಆಸ್ಪತ್ರೆ ಹಿಂದಿನ ಅಂಗಳದಲ್ಲಿ ಒಂದು ವಾರದಿಂದ ಪ್ರಾಕ್ಟೀಸ್ ಮಾಡ್ತಿದೀನಿ," ಎಂದು ಅತ್ತೆ ಒಳಗೆ ಹೋಗಿ ಒಲೆ ಹಚ್ಚಿದರು.

ಮಾವ ಬಾಯಿಗೆ ಬೀಗ ಹಾಕಿಕೊಂಡದ್ದಕ್ಕೆ ಒಂದು ಕಾರಣವಿತ್ತು. ನನಗೆ ಅದು ಗೊತ್ತಾಗಿದ್ದು ಬಹಳ ತಡವಾಗಿ. ಹದಿಮೂರಕ್ಕೇ ಲಾರಿ ಕ್ಲೀನರಾಗಿ ಹೋಗಿ, ಅಲ್ಲಿಂದ ನೇರ ಸ್ಟೇರಿಂಗಿಗೆ ಕೂತ ಮನುಷ್ಯ ಅವರು. ಅಷ್ಟು ದೊಡ್ಡ ಬಸ್ಸನ್ನು ಅಂಗೈಯಲ್ಲಿ ಆಡಿಸುತ್ತಿದ್ದ ನಮ್ಮ ಮಾವನಿಗೆ ಸೈಕಲ್ಲು ಬರುತ್ತಿರಲಿಲ್ಲ. ಆ ಸಂಗತಿಯನ್ನು ಅವರು ಅತ್ತೆಗೂ ಹೇಳಿರಲಿಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಮೊದಲ ಭಾನುವಾರ ಅತ್ತೆ ಆಸ್ಪತ್ರೆಯವರ ಗುಂಪಿನೊಂದಿಗೆ ಅಡ್ಡಗಂಬ ದಾಟಿ ಹೋದರು. ವಾಪಸು ಬಂದಾಗ ಬೆನ್ನ ತುಂಬ ಕೆಸರಿನ ಗೆರೆ, ಮುಖ ಕೆಂಪಗಾಗಿತ್ತು. ಬಾಗಿಲಲ್ಲೇ ನಿಂತು ಎರಡು ಲೋಟ ನೀರು ಕುಡಿದು ಹೇಳಿದರು:

"ರೀ, ಮೂರನೇ ಸೇತುವೆ ಹತ್ರ ಕೆಳಗಡೆ ಒಂದು ಅಬ್ಬಿ ಇದೆ ಅಲ್ವಾ? ರಸ್ತೆಗೆ ಕಾಣಲ್ಲ, ಬರೀ ನೀರು ಬೀಳೋ ಸದ್ದು ಕೇಳುತ್ತೆ. ನೀವು ಒಂದು ದಿನಾನೂ ಹೇಳ್ಲೇ ಇಲ್ಲ."

ಮಾವನಿಗೆ ಮೂರನೇ ಸೇತುವೆ ಗೊತ್ತಿತ್ತು. ಅದರ ಕಟ್ಟೆಗೆ ಬಸ್ಸಿನ ಎಡಬದಿ ಎಷ್ಟು ಹತ್ತಿರ ಬರುತ್ತದೆಂದು ಗೊತ್ತಿತ್ತು. ಅಬ್ಬಿ ಗೊತ್ತಿರಲಿಲ್ಲ. ಇಂಜಿನ್ನಿನ ಪಕ್ಕದಲ್ಲಿ ಕೂತವನಿಗೆ ನೀರಿನ ಸದ್ದು ಕೇಳುವುದಾದರೂ ಹೇಗೆ?

"ಇದೆ ಇದೆ. ಅದೇನು ಹೇಳೋವಂಥದ್ದು," ಎಂದು ಪೇಪರು ತಿರುವಿದರು.

ಆಮೇಲೆ ಪ್ರತಿ ಭಾನುವಾರವೂ ಹೀಗೆಯೇ. ಅತ್ತೆ ಒಂದು ಸಲ ಮರಕುಟಿಗದ ಟಕಟಕ ಕೇಳಿಸಿಕೊಂಡು ಬಂದರು. ಇನ್ನೊಂದು ಸಲ ಲಾರಿಯವರ ಹಳೆಯ ಅಡ್ಡದಾರಿ ಹಿಡಿದು ಗುಡ್ಡದ ನೆತ್ತಿಗೆ ಹೋಗಿ, ಅಲ್ಲಿಂದ ನಮ್ಮ ಊರು, ಆಚೆಯ ಪೇಟೆ ಎರಡೂ ಒಟ್ಟಿಗೆ ಕಾಣುತ್ತವೆಂದು ಹೇಳಿದರು. ಮಾವ ಆ ಅಡ್ಡದಾರಿಯ ಬಾಯನ್ನು ಸಾವಿರಾರು ಸಲ ದಾಟಿದ್ದರು. ಒಳಗೆ ಏನಿದೆಯೆಂದು ಕತ್ತು ಹಾಕಿಯೂ ನೋಡಿರಲಿಲ್ಲ. ಬಸ್ಸಿಗೆ ಎಡಕ್ಕೂ ಬಲಕ್ಕೂ ಹೊರಳುವ ಹಕ್ಕೆಲ್ಲಿ?

"ಹತ್ತುದಾರಿ ಮುಗಿಯುತ್ತಲ್ಲ, ಬಿಸ್ಕತ್ತು ತಿರುವು, ಅಲ್ಲಿಂದಾಚೆ ನೆರಳು ಹೇಗಿದೆ ಅಂತೀರಿ," ಅಂದರು ಅತ್ತೆ ಒಮ್ಮೆ.

"ಯಾವ ತಿರುವು?"

"ಬಿಸ್ಕತ್ತು ತಿರುವು. ಎಲ್ರೂ ಅಲ್ಲೇ ನಿಂತು ಬಿಸ್ಕತ್ತು ತಿಂತೀವಿ, ಅದಕ್ಕೆ ಹಾಗಂತಾರೆ."

"ಅದು ವಾಂತಿ ತಿರುವು."

"ಈಗ ಯಾರೂ ವಾಂತಿ ಮಾಡಲ್ಲ ಬಿಡಿ," ಎಂದು ಅತ್ತೆ ನಕ್ಕರು.

ಮರುದಿನ ಮಾವ ನನ್ನ ಅಂಗಡಿಗೆ ಬಂದಾಗ ಮುಖ ಊದಿಕೊಂಡಿತ್ತು. ಹಲ್ಲುನೋವೇನೋ ಅಂದುಕೊಂಡೆ. "ಬಿಸ್ಕತ್ತು ತಿರುವಂತೆ," ಅಂದರು, "ನಾನು ಸ್ಟೇರಿಂಗು ತಿರುಗಿಸಿ ತಿರುಗಿಸಿ ರಟ್ಟೆ ಸೋತ ಜಾಗಕ್ಕೆ ಬಿಸ್ಕತ್ತು ಅಂತ ಹೆಸರು." ಹೇಳುತ್ತ ಹೇಳುತ್ತ ಕೈಯಲ್ಲಿದ್ದ ಕನ್ನಡಕದ ಕಡ್ಡಿಯನ್ನು ಬಗ್ಗಿಸಿಬಿಟ್ಟರು. ನಾನು ಅದನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡೆ.

ಆ ದಿನಗಳಲ್ಲಿ ಅವರ ಸಂಕಟ ರಸ್ತೆಯ ಮೇಲೋ ಅತ್ತೆಯ ಮೇಲೋ ಎಂದು ಹೇಳುವುದು ಕಷ್ಟವಾಗಿತ್ತು. ತಮ್ಮ ರಸ್ತೆಯನ್ನು ಹೆಂಡತಿ ಎಗರಿಸಿಕೊಂಡಳು ಎಂದು ಒಂದು ಉರಿ. ತಮ್ಮ ಹೆಂಡತಿಯನ್ನು ರಸ್ತೆ ಎಗರಿಸಿಕೊಂಡಿತು ಎಂದು ಇನ್ನೊಂದು. ಎರಡೂ ಕೂಡಿಕೊಂಡು ಹಿಡಿಯಲು ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದವು. ಸಿಕ್ಕಿದವನು ವ್ಯಾಯಾಮದ ಡಾಕ್ಟರು.

ಆಸ್ಪತ್ರೆಯಲ್ಲಿ ಕೈಕಾಲು ಹಿಡಿದುಕೊಂಡವರಿಗೆ ವ್ಯಾಯಾಮ ಮಾಡಿಸುವವನನ್ನು ಜನ ಹಾಗೆ ಕರೆಯುತ್ತಿದ್ದರು. ಸೈಕಲ್ ಗುಂಪಿಗೆ ಅವನೇ ಮುಂದಾಳು. ಅತ್ತೆಯ ಮಾತಿನಲ್ಲಿ ಅವನು ಆಗಾಗ ಬಂದುಹೋಗುತ್ತಿದ್ದ. ಡಾಕ್ಟ್ರು ಪಂಚರ್ ಹಾಕಿಕೊಟ್ಟರು, ಡಾಕ್ಟ್ರು ಗೇರು ಬದಲಿಸುವುದನ್ನು ಹೇಳಿಕೊಟ್ಟರು, ಜಲ್ಲಿಯ ಮೇಲೆ ಬ್ರೇಕು ಗಟ್ಟಿ ಹಿಡಿಯಬಾರದು ಅಂದರು. ಮಾವ ಪ್ರತಿ ಸಲವೂ "ಡಾಕ್ಟ್ರಾ?" ಎಂದು ಮಾತ್ರ ಕೇಳುತ್ತಿದ್ದರು. ಕೊನೆಗೆ ಒಂದು ದಿನ ಮೊಣಕಾಲು ನೋವೆಂದು ನೆಪ ಹೂಡಿ ಆಸ್ಪತ್ರೆಗೆ ಹೋದರು.

ಉದ್ದನೆಯ ಕೋಣೆ, ಗೋಡೆಗೆ ಏಣಿಯಂಥ ಮರದ ಕಂಬಿ, ನೆಲದ ಮೇಲೆ ನೀಲಿ ಚಾಪೆ. ಚಾಪೆಯ ಮೇಲೆ ಮಾವನನ್ನು ಅಂಗಾತ ಮಲಗಿಸಿ ಆ ಮನುಷ್ಯ ಕಾಲೆತ್ತಿಸಿದ, ಮಡಿಚಿಸಿದ, ಮತ್ತೆ ಎತ್ತಿಸಿದ. ಅಷ್ಟೊತ್ತೂ ಮಾವ ಅವನನ್ನೇ ನೋಡುತ್ತಿದ್ದರು. ಮೂವತ್ತರ ಆಸುಪಾಸು. ತಲೆ ಬೋಳು. ಮೇಜಿನ ಮೇಲೆ ಬಸುರಿ ಹೆಂಡತಿಯ ಫೋಟೋ. ಹೆಂಡತಿಗೆ ಆವತ್ತು ಹುಳಿ ತಿನ್ನುವ ಆಸೆಯಾಗಿದೆ, ಬೇಗ ಮನೆಗೆ ಹೋಗಬೇಕು ಎಂದು ಅವನೇ ಹೇಳಿಕೊಂಡ. ಇವನ ಮೇಲೆ ಸಂಶಯಪಡಬೇಕಾದರೆ ತಲೆ ಕೆಟ್ಟಿರಬೇಕು ಎಂದು ಮಾವನಿಗೇ ಅನ್ನಿಸಿತು.

"ಯಜಮಾನ್ರೇ, ಮೊಣಕಾಲು ಗಟ್ಟಿಯಾಗೇ ಇದೆ," ಅಂದ ಅವನು. "ಬಟ್ಟೆ ವಿಭಾಗದ ಮೇಡಂ ಮನೆಯವರು ತಾನೇ ನೀವು? ನಮ್ಮ ಗುಂಪಲ್ಲಿ ಅವರಿಗೇ ಧೈರ್ಯ ಜಾಸ್ತಿ. ಇಳಿಜಾರಲ್ಲಿ ನಾವೆಲ್ಲ ಬ್ರೇಕು ಹಿಡ್ಕೊಂಡು ಬರ್ತಿದ್ರೆ ಅವರು ಹಾಡ್ಕೊಂಡು ಹೋಗ್ಬಿಡ್ತಾರೆ."

"ಹಾಡ್ಕೊಂಡಾ?"

"ಗೊತ್ತಿಲ್ವಾ ನಿಮಗೆ? ಒಳ್ಳೆ ಗಂಟಲು ಅವರದು."

ಮಾವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಹಾಡಿದ್ದನ್ನು ಅವರು ಕೇಳಿರಲಿಲ್ಲ. ಮಲಗಿದ್ದ ಅಜ್ಜಿಯ ತಲೆದೆಸೆಯಲ್ಲಿ ಯಾರು ಹಾಡುತ್ತಾರೆ? ಆಸ್ಪತ್ರೆಯಿಂದ ಹೊರಗೆ ಬಂದ ಮಾವನಿಗೆ ದೂರಲು ಒಬ್ಬ ಎದುರಾಳಿಯೂ ಉಳಿಯಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಹಾಗೇ ಇತ್ತು, ಮೊದಲಿಗಿಂತ ಜೋರಾಗಿ. ಕಾಡಿನ ಮರಗಳು ಕೇಳಿದ ಹಾಡನ್ನು ತಾನು ಕೇಳಲಿಲ್ಲವಲ್ಲ ಎಂಬ ಸಂಕಟಕ್ಕೆ ಯಾರ ಮೇಲೆ ಜಗಳ ತೆಗೆಯುವುದು?

ಮುಂದಿನ ಭಾನುವಾರ ಅತ್ತೆ ಮುಖ ತೊಳೆಯಲು ಹೋದಾಗ ಮಾವ ಸೈಕಲ್ಲಿನ ಹಿಂದಿನ ಚಕ್ರದ ಗಾಳಿ ಬಿಟ್ಟರು. ಅತ್ತೆ ಬಂದು ಟಯರು ಒತ್ತಿ ನೋಡಿ, ಪಂಪು ತೆಗೆದು, ಸರಸರನೆ ಗಾಳಿ ತುಂಬಿಕೊಂಡು ಹೊರಟೇಬಿಟ್ಟರು. ಅದರ ಮುಂದಿನ ಭಾನುವಾರ ಮಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬ್ರೇಕಿಗೆ ಮಾತ್ರ ಕೈ ಹಾಕಲಿಲ್ಲ; ಡ್ರೈವರಾದವನು ಎಂಥ ಉರಿಯಲ್ಲೂ ಆ ಕೆಲಸ ಮಾಡುವುದಿಲ್ಲ ಎಂದು ಆಮೇಲೆ ನನ್ನ ಹತ್ತಿರ ಆಣೆಯಿಟ್ಟು ಹೇಳಿದರು. ಗಾಳಿ ತುಂಬುವ ವಾಲ್ವಿನ ಒಳಗಿನ ಹಿತ್ತಾಳೆಯ ಪುಟ್ಟ ಪಿನ್ನನ್ನು ತಿರುಚಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು, ಅಷ್ಟೇ.

ಅತ್ತೆ ಹೆಲ್ಮೆಟ್ಟು ಹಾಕಿಕೊಂಡು ಬಂದು ಪಂಪು ಒತ್ತಿದರು. ಗಾಳಿ ಹೋದದ್ದು ಹೋದ ಹಾಗೆಯೇ ಹೊರಗೆ ಬಂತು. ಬಗ್ಗಿ ನೋಡಿದರು. ನೆಲದ ಮೇಲೆ, ಕುರ್ಚಿಯ ಕೆಳಗೆ, ಬಾಗಿಲ ಸಂದಿಯಲ್ಲೆಲ್ಲ ಕೈಯಾಡಿಸಿ ಹುಡುಕಿದರು. ಹೊರಗೆ ಗುಂಪಿನವರು ಬೆಲ್ಲು ಬಾರಿಸಿ ಕರೆದರು. "ನೀವು ಹೋಗಿ, ನನ್ನದು ಕೆಟ್ಟಿದೆ," ಎಂದು ಕಳಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಮೆಟ್ಟಿಲ ಮೇಲೆ ಕೂತರು. ಓಣಿಯ ತುದಿಯಲ್ಲಿ ಗುಂಪು ಕಣ್ಮರೆಯಾದ ಮೇಲೂ ಹಾಗೆಯೇ ಕೂತಿದ್ದರು. ಆಮೇಲೆ ಒಳಗೆ ಹೋಗಿ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಬೀರುವಿನಿಂದ ಹೊರಗೆಳೆದು, ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚಿಟ್ಟರು.

ಮಾವ ಪೇಪರಿನ ಹಿಂದೆ ಕೂತಿದ್ದರು. ಗೆದ್ದೆ ಅಂತ ಅನ್ನಿಸಲಿಲ್ಲವಂತೆ. ಇಡೀ ಬೆಳಗು ಒಂದೇ ಪುಟವನ್ನು ನೋಡಿದೆ, ಒಂದಕ್ಷರವೂ ತಲೆಗೆ ಹತ್ತಲಿಲ್ಲ ಎಂದರು.

ಜೇಬಿನಿಂದ ಪಿನ್ನನ್ನು ತೆಗೆದಿಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಬಟ್ಟೆ ಒಗೆಯುವುದಕ್ಕೆ ಮೊದಲು ಜೇಬು ತಡವುವುದು ಅತ್ತೆಗೆ ಉದ್ಯೋಗದಿಂದ ಬಂದ ಅಭ್ಯಾಸ. ಆಸ್ಪತ್ರೆಯ ಬಟ್ಟೆಯಲ್ಲಿ ಸೂಜಿಯಿರಬಹುದು, ಕತ್ತರಿಯಿರಬಹುದು. ಸೋಮವಾರ ಬೆಳಿಗ್ಗೆ ಮಾವ ಚಹಾಕ್ಕೆ ಕೂತಾಗ ಲೋಟದ ಪಕ್ಕದಲ್ಲಿ ಆ ಪಿನ್ನು ಇತ್ತು.

ಅತ್ತೆ ಎದುರಿಗೆ ಕೂತರು. ಕೂಗಾಡಲಿಲ್ಲ.

"ಏನಿದು?"

ಮಾವ ಲೋಟ ಎತ್ತಿದರು, ಮತ್ತೆ ಇಟ್ಟರು. "ಅದು ನನ್ನ ರಸ್ತೆ ಕಣೇ," ಅಂದರು.

"ನಿಮ್ಮ ರಸ್ತೆ," ಅಂದರು ಅತ್ತೆ. "ಗೊತ್ತು. ದಿನಾ ರಾತ್ರಿ ಊಟಕ್ಕೆ ಕೂತು ಅದನ್ನೇ ಹೇಳ್ತಿದ್ರಿ. ಮಂಜು ಬಂತು, ಬಿಸಿಲು ಬಿತ್ತು, ಹೂ ಬಿಟ್ಟಿದೆ, ಎಲೆ ಉದುರಿದೆ. ನಾನು ಒಳಗೆ ನಿಮ್ಮಮ್ಮನ ಬೆನ್ನು ಒರೆಸ್ತಾ ಕೇಳಿಸ್ಕೊಳ್ತಿದ್ದೆ. ನನಗೆ ಎಷ್ಟು ಹೊಟ್ಟೆ ಉರೀತಿತ್ತು ಅಂತ ನಿಮಗೆ ಗೊತ್ತಾ? ಇವರಿಗೆ ದಿನಾ ಒಂದು ಕಾಡು, ನನಗೆ ಈ ಎರಡು ಕೋಣೆ. ಒಂದೊಂದು ದಿನ ಬಸ್ಸು ಕೆಟ್ಟು ನಿಲ್ಲಲಿ ಅಂತ ಅನ್ಕೊಂಡಿದೀನಿ. ಆದ್ರೆ ಪಿನ್ನು ಕಿತ್ತಿಲ್ಲ."

ಮಾವ ಪಿನ್ನನ್ನು ಕೈಗೆತ್ತಿಕೊಂಡರು.

"ಒಂದು ದಿನ ಆದ್ರೂ ಬಾ, ಮುಂದಿನ ಸೀಟಲ್ಲಿ ಕೂರು, ತೋರಿಸ್ತೀನಿ ಅಂದ್ರಾ?"

"ಅಮ್ಮನ್ನ ಯಾರು ನೋಡ್ಕೋತಿದ್ರು?"

"ಅದನ್ನೇ ಹೇಳ್ತಿರೋದು," ಅಂದರು ಅತ್ತೆ. "ಈಗ ನಾನು ಬಾ ಅಂತ ಕರೆದ್ರೆ ನೀವೂ ಬರಲ್ಲ. ಎಷ್ಟು ಸಲ ಕರೆದೆ? ಸೈಕಲ್ಲು ಬಾಡಿಗೆಗೆ ಸಿಗುತ್ತೆ ಅಂದೆ. ಮುಖ ತಿರುಗಿಸ್ಕೊಂಡ್ರಿ."

ಮಾವ ಆ ಪಿನ್ನನ್ನು ಬೆರಳಲ್ಲಿ ಉರುಳಿಸುತ್ತಿದ್ದರು. "ನಂಗೆ ಸೈಕಲ್ ಬರಲ್ಲ," ಅಂದರು.

"ಏನಂದ್ರಿ?"

"ಬರಲ್ಲ. ಕಲಿತೇ ಇಲ್ಲ."

ಅತ್ತೆ ಅವರನ್ನೇ ನೋಡಿದರು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟರು. ನೀರಿನ ಸದ್ದಿನ ಮರೆಯಲ್ಲಿ ನಗುತ್ತಿದ್ದಾರೆಂದು ಮಾವನಿಗೆ ತಿಳಿಯಿತು. ತಿಳಿದು ಸಿಟ್ಟೂ ಬಂತು, ಮನಸ್ಸು ಸ್ವಲ್ಪ ಹಗುರವೂ ಆಯಿತು.

ಆವತ್ತಿಂದ ಮಾವ ಸೈಕಲ್ಲು ಕಲಿಯಲು ಹೊರಟರು. ಡಿಪೋದ ಹಿಂದೆ ಗುಜರಿ ಬಸ್ಸುಗಳನ್ನು ನಿಲ್ಲಿಸುವ ಮೈದಾನದಲ್ಲಿ, ಹಳೆಯ ಕಂಡಕ್ಟರನ ಸಹಾಯದಿಂದ. ಸೀಟಿ ಹಿಂದಿನಿಂದ ಸೀಟು ಹಿಡಿದುಕೊಂಡು ಓಡುತ್ತಿದ್ದ, ಹಳೆಯ ಅಭ್ಯಾಸಕ್ಕೆ ಸೀಟಿಯನ್ನೂ ಊದುತ್ತಿದ್ದ. ಸೀಟಿ ಕೇಳಿದೊಡನೆ ಮಾವನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು, ಇಬ್ಬರೂ ಒಟ್ಟಿಗೆ ಬೀಳುತ್ತಿದ್ದರು.

"ಗುರುವೇ, ಹ್ಯಾಂಡಲ್ಲು ಅಷ್ಟು ದೊಡ್ಡದಾಗಿ ತಿರುಗಿಸ್ಬೇಡಿ. ಇದು ಬಸ್ಸಲ್ಲ," ಅನ್ನುತ್ತಿದ್ದ ಸೀಟಿ.

"ಹಿಂದೆ ನಿಂತು ಹೇಳೋದು ಸುಲಭ ಕಣೋ. ಯಾವತ್ತೂ ನೀನು ಮಾಡಿದ್ದೇ ಅದು."

ಮೂರನೆಯ ವಾರ ಒಂದು ಗುಜರಿ ಬಸ್ಸಿಗೇ ಗುದ್ದಿ ಮಾವನ ಮಣಿಕಟ್ಟು ಉಳುಕಿತು. ಈ ಸಲ ನೆಪವಿಲ್ಲದೆ ವ್ಯಾಯಾಮದ ಡಾಕ್ಟರ ಹತ್ತಿರ ಹೋದರು. ಅವನು ಪಟ್ಟಿ ಸುತ್ತುತ್ತ ವಿಷಯವನ್ನೆಲ್ಲ ಕೇಳಿಕೊಂಡ. ಕಣ್ಣು ಕಾಣದ ರೋಗಿಗಳನ್ನು ಕಾಡಿಗೆ ಕರೆದುಕೊಂಡು ಹೋಗಲು ಆಸ್ಪತ್ರೆಯವರು ಇಬ್ಬರು ತುಳಿಯುವ ಜೋಡಿ ಸೈಕಲ್ಲೊಂದನ್ನು ಇಟ್ಟಿದ್ದರು.

"ಮುಂದೆ ಕೂತವರು ದಾರಿ ನೋಡ್ಕೋತಾರೆ. ನೀವು ಹಿಂದೆ ಕೂತು ತುಳಿದ್ರೆ ಸಾಕು," ಅಂದ.

"ಹ್ಯಾಂಡಲ್ಲು?"

"ಹಿಂದಕ್ಕೂ ಒಂದಿದೆ. ತಿರುಗಲ್ಲ. ಸುಮ್ನೆ ಹಿಡ್ಕೊಳೋಕೆ."

ಇದನ್ನು ಹೇಳಲು ನನ್ನ ಅಂಗಡಿಗೆ ಬಂದಾಗ ಮಾವನ ದನಿ ಉಡುಗಿಹೋಗಿತ್ತು. "ತಿರುಗದೇ ಇರೋ ಹ್ಯಾಂಡಲ್ಲಂತೆ. ಮೂವತ್ತು ವರ್ಷ ಸ್ಟೇರಿಂಗು ಹಿಡಿದೋನಿಗೆ." ಆ ಭಾನುವಾರ ಅವರು ಸ್ಟೂಲಿಗೆ ಬರಲಿಲ್ಲ.

ಅಡ್ಡಗಂಬದಿಂದಾಚೆಗೆ ಅವರು ಮೊದಲ ಸಲ ಬಸ್ಸಿಲ್ಲದೆ ಹೋದದ್ದು ಹಾಗೆ, ಹೆಂಡತಿಯ ಬೆನ್ನ ಹಿಂದೆ. ಕಣ್ಣೆದುರಿಗೆ ಕಾಡಿಗಿಂತ ಹೆಚ್ಚಾಗಿ ಅತ್ತೆಯ ಬೆನ್ನೇ ಇತ್ತಂತೆ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಎಡಕ್ಕೆ ಹಿಡಿ, ಎಡಕ್ಕೆ. ಇಲ್ಲಿ ಲಾರಿ ಬರುತ್ತೆ."

"ಲಾರಿ ಬರಲ್ಲ ರೀ. ಸುಮ್ನೆ ತುಳೀರಿ."

"ಗೇರು ಇಳಿಸು, ಹತ್ತುದಾರಿ ಬಂತು."

"ಇಳಿಸಿದೀನಿ."

ಹಾರ್ನ್ ಬಂಡೆ ಬಂದಾಗ ಅವರ ಹೆಬ್ಬೆರಳು ತಾನಾಗಿ ಹ್ಯಾಂಡಲ್ಲಿನ ನಡುವನ್ನು ಒತ್ತಿತು. ಅಲ್ಲೇನೂ ಇರಲಿಲ್ಲ. ಆಗ ಅತ್ತೆ ತುಳಿಯುವುದನ್ನು ನಿಲ್ಲಿಸಿ, ಇಳಿಜಾರಿಗೆ ಸೈಕಲ್ಲನ್ನು ಬಿಟ್ಟು, ಹಾಡತೊಡಗಿದರು. ಚಕ್ರದ ಕೆಳಗೆ ಜಲ್ಲಿ ಸರಸರ ಅನ್ನುತ್ತಿತ್ತು, ಮರಗಳ ಸಂದಿಯಿಂದ ಬಿಸಿಲು ಅತ್ತೆಯ ಬೆನ್ನ ಮೇಲೆ ಬಿದ್ದು ಬಿದ್ದು ಹೋಗುತ್ತಿತ್ತು. "ಭಯವಾಯ್ತಾ ಮಾವ?" ಎಂದು ಮರುದಿನ ಅಂಗಡಿಯಲ್ಲಿ ಕೇಳಿದೆ. "ಆಯ್ತು," ಅಂದರು. "ಬ್ರೇಕು ಹಿಡಿ ಅಂತ ಹೇಳೋಣ ಅನ್ನಿಸ್ತು. ಹೇಳಿದ್ರೆ ಹಾಡು ನಿಲ್ಲಿಸ್ಬಿಡ್ತಾಳೆ ಅಂತ ಹಲ್ಲು ಕಚ್ಕೊಂಡು ಕೂತೆ."

ಇಷ್ಟಾದ ಮೇಲೆ ಮಾವನ ಹೊಟ್ಟೆಕಿಚ್ಚು ಆರಿತು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಅದು ಜಾಗ ಬದಲಿಸಿತು, ಅಷ್ಟೇ. ಈಗ ಅವರ ಕಣ್ಣು ಮುಂದಿನ ಸೀಟಿನ ಮೇಲೆ. ಅತ್ತೆ ತಮ್ಮ ಬೂದು ಸೈಕಲ್ಲಿನಲ್ಲಿ ಗುಂಪಿನೊಂದಿಗೆ ಹೋಗುವ ಭಾನುವಾರಗಳಲ್ಲಿ ಅವರು ನನ್ನ ಅಂಗಡಿಯಲ್ಲಿ ಕೂತು ಕ್ಷಣಕ್ಷಣಕ್ಕೂ ಗಡಿಯಾರ ನೋಡುತ್ತಾರೆ. ಎಲ್ಲಿಗೆ ಹೋದರು, ಯಾವ ಅಡ್ಡದಾರಿ ಹಿಡಿದರು, ಹೊಸದೇನು ನೋಡಿದರು ಎಂದು ಸಂಜೆ ಪೊಲೀಸರ ಹಾಗೆ ವಿಚಾರಿಸುತ್ತಾರೆ.

ಹೋದ ತಿಂಗಳು ಇಬ್ಬರೂ ಜೋಡಿ ಸೈಕಲ್ಲಿನಲ್ಲಿ ಹೋಗುವಾಗ ಎದುರಿಗೆ ಒಬ್ಬ ಹೆಂಗಸು ನಡೆದು ಬರುತ್ತಿದ್ದಳು. ಆಚೆ ಪೇಟೆಯ ಬಟ್ಟೆ ಅಂಗಡಿಯವಳು, ಎಷ್ಟೋ ವರ್ಷ ಮಾವನ ಬಸ್ಸಿನಲ್ಲೇ ಓಡಾಡಿದವಳು. ದೂರದಿಂದಲೇ ನಕ್ಕು ಕೈ ಎತ್ತಿದಳು. ಮಾವನೂ ಕೈ ಎತ್ತಿದರು, ಡ್ರೈವರು ಎತ್ತುವ ಹಾಗೆ, ಗತ್ತಿನಿಂದ, ಎರಡೇ ಬೆರಳು.

"ಏನ್ ಮೇಡಂ, ಹೋದ ವಾರ ಕಾಣ್ಲಿಲ್ಲ," ಅಂದಳು ಅವಳು ಅತ್ತೆಗೆ. ಆಮೇಲೆ ಮಾವನ ಕಡೆ ನೋಡಿ, "ಇವರು ಯಾರು?"

"ನಮ್ಮ ಯಜಮಾನ್ರು. ಹಿಂದೆ ಕೂತ್ಕೋತಾರೆ," ಅಂದರು ಅತ್ತೆ.

"ಒಳ್ಳೇದಾಯ್ತು, ಜೊತೆ ಆಯ್ತು ನಿಮಗೆ," ಎಂದು ಆಕೆ ನಡೆದುಹೋದಳು.

ಅಲ್ಲಿಂದ ಆಸ್ಪತ್ರೆಯವರೆಗೆ ಮಾವ ತುಳಿಯಲಿಲ್ಲ. ಆ ಸೈಕಲ್ಲಿನಲ್ಲಿ ಎರಡು ಪೆಡಲುಗಳೂ ಒಂದೇ ಚೈನಿಗೆ ಕಟ್ಟುಬಿದ್ದಿರುತ್ತವೆ; ಮುಂದಿನವರು ತುಳಿದರೆ ಹಿಂದಿನವರ ಕಾಲೂ ತಾನಾಗಿ ಸುತ್ತುತ್ತದೆ. ಮಾವ ಕಾಲನ್ನು ಸುಮ್ಮನೆ ಅದರ ಮೇಲಿಟ್ಟು, ಮೋರೆ ಗಂಟಿಕ್ಕಿಕೊಂಡು, ಹೊರೆಯ ಹಾಗೆ ಕೂತರು. ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಎರಡಾಳಿನ ಭಾರ ಒಬ್ಬರ ತೊಡೆಗೆ ಬಿದ್ದರೆ ಹತ್ತುದಾರಿಯೇ ಹೇಳುತ್ತದೆ. ಅವರು ಏದುಸಿರು ಬಿಡುತ್ತ ತುಳಿದರು. ಸೈಕಲ್ಲನ್ನು ಆಸ್ಪತ್ರೆಯ ಶೆಡ್ಡಿನಲ್ಲಿಟ್ಟು, ಮನೆಗೆ ನಡೆದು ಬಂದು, ನೀರು ಕುಡಿದು ಲೋಟ ಇಟ್ಟ ಮೇಲೆ ಹೇಳಿದರು:

"ಮುಂದಿನ ಭಾನುವಾರಾನೂ ಹೀಗೇ ಕೂರ್ತೀರಾದ್ರೆ ಹೇಳ್ಬಿಡಿ. ಡಾಕ್ಟ್ರನ್ನ ಹಿಂದೆ ಕೂರಿಸ್ಕೊಂಡು ಹೋಗ್ತೀನಿ. ಅವರು ತುಳೀತಾರೆ."

ಮುಂದಿನ ಭಾನುವಾರ ಅತ್ತೆ ಎದ್ದು ನೋಡುವಾಗ ಮಾವ ಬೂಟು ಕಟ್ಟಿಕೊಂಡು, ಹೆಲ್ಮೆಟ್ಟು ಏರಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.